ಮಲೇರಿಯಾ ಊರಲ್ಲಿ ಕಬ್ಬಿಣಾಂಶದ ಮಾತ್ರೆ

ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆ ಕೊಟ್ಟರೆ ಸಾಕಾ? ಮಲೇರಿಯಾ ಹೆಚ್ಚಿರುವ ಕಡೆ ಅಷ್ಟೇ ಸಾಲದು.

ಟಾಂಜಾನಿಯಾದ ಪೆಂಬಾ ದ್ವೀಪ. ಅಲ್ಲಿ ಪುಟ್ಟ ಮಕ್ಕಳಿಗೆ ದಿನವೂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಕೊಟ್ಟು ನೋಡಿದರು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಕಾಯಿಲೆ ಜೋರಾಗಿ ಆಸ್ಪತ್ರೆ ಸೇರುವ ಇಲ್ಲವೇ ಸಾಯುವ ಅಪಾಯ ಶೇ. 12ರಷ್ಟು ಹೆಚ್ಚು!

ಯಾಕೆ ಗೊತ್ತಾ? ಮಲೇರಿಯಾ ಪರಾವಲಂಬಿ ಬೆಳೆಯೋದು ಕೆಂಪು ರಕ್ತಕಣದೊಳಗೆ. ಅದಕ್ಕೂ ಕಬ್ಬಿಣ ಬೇಕು. ಅದಕ್ಕೆ ಕಬ್ಬಿಣ ಸಿಗದಿರಲೆಂದೇ, ಸೋಂಕು ತಗುಲಿದಾಗ ನಮ್ಮ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನು ಬಿಟ್ಟು, ಕರುಳಿನಿಂದ ರಕ್ತಕ್ಕೆ ಕಬ್ಬಿಣ ಸೇರೋದನ್ನ ತಡೆಯುತ್ತೆ.

ಹಾಗಂತ ಮಾತ್ರೆ ಬಿಡಬೇಡಿ. ಪೆಂಬಾದಲ್ಲೇ, ಮಲೇರಿಯಾ ಪರೀಕ್ಷೆ, ಚಿಕಿತ್ಸೆ ಸರಿಯಾಗಿ ಸಿಕ್ಕ ರಕ್ತಹೀನ ಮಕ್ಕಳಿಗೆ ಕಬ್ಬಿಣಾಂಶದಿಂದ ಒಳ್ಳೆಯದೇ ಆಯಿತು. ಸೊಳ್ಳೆಪರದೆ, ರಕ್ತಪರೀಕ್ಷೆ, ಮಾತ್ರೆ: ಮೂರೂ ಜೊತೆಗಿರಲಿ.