ಆ್ಯಪ್ ಪರೀಕ್ಷೆ ಹೊಲದ ಬದುವಿನಲ್ಲಿ ನಡೆಯಲಿ

ಕಳೆದ ಮುಂಗಾರಿನಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿಗೆ ಹೋಗಿದ್ದಾಗ ನನ್ನ ಭಾವಮೈದುನ ಕಬ್ಬಿನ ಗದ್ದೆಯ ಬದುವಿನ ಮೇಲೆ ಮೊಬೈಲನ್ನು ಎತ್ತಿ ಹಿಡಿದು ನಿಂತಿದ್ದ. ಸಹಾಯಧನದ ಅರ್ಜಿಯೊಂದಕ್ಕೆ ಜಮೀನಿನ ಛಾಯಾಚಿತ್ರವನ್ನು ಅಲ್ಲಿಂದಲೇ ರವಾನಿಸಬೇಕಿತ್ತು. ನಾಲ್ಕು ಬಾರಿ ಚಿತ್ರ ಅರ್ಧದಲ್ಲೇ ನಿಂತಿತು. ಐದನೆಯ ಬಾರಿ ಆ್ಯಪ್ ತಾನಾಗಿಯೇ ಮುಚ್ಚಿಕೊಂಡು, ತುಂಬಿದ್ದ ವಿವರಗಳೂ ಅಳಿಸಿಹೋದವು. 'ಎರಡು ದಿವ್ಸದಿಂದ ಇದೇ ಪಾಡು ಭಾವ, ನಾಳೆಗೆ ಕಡೇ ದಿನ' ಎಂದ. ಅರ್ಜಿ ಗಡುವಿನೊಳಗೆ ತಲುಪಲಿಲ್ಲ.

2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆಯಡಿ ತಾಲ್ಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಪಹಣಿ ಕೊಡತೊಡಗಿದಾಗ ಗಣಕಯಂತ್ರ, ವಿದ್ಯುತ್ತು, ನಿರ್ವಾಹಕ ಎಲ್ಲವೂ ಸರ್ಕಾರದ್ದೇ ಆಗಿದ್ದವು. ಯಂತ್ರ ಕೆಟ್ಟರೆ ದೂರು ಕಚೇರಿಗೆ ಬರುತ್ತಿತ್ತು. ಈಗ ಫೋನು, ಡೇಟಾ, ಬ್ಯಾಟರಿ, ಕಳೆದುಹೋದ ದಿನದ ದುಡಿಮೆ ಎಲ್ಲವೂ ರೈತನವು. ಇಲಾಖೆಯ ವೆಚ್ಚ ಇಳಿದಿದೆಯೆಂದು ನಾವು ಹೇಳಿಕೊಳ್ಳುತ್ತೇವೆ; ಅದು ರೈತನ ಲೆಕ್ಕಕ್ಕೆ ವರ್ಗಾವಣೆಯಾಗಿದೆ, ಅಷ್ಟೆ.

ಇದಕ್ಕೆ ಪರಿಹಾರ ನಿಗೂಢವೇನಲ್ಲ. ತುಂಬಿದ ವಿವರಗಳು ಮೊದಲು ಫೋನಿನಲ್ಲೇ ಉಳಿಯಬೇಕು. ಸಂಪರ್ಕ ಸಿಕ್ಕಾಗ ತಾವಾಗಿಯೇ ರವಾನೆಯಾಗಬೇಕು. ಅರ್ಧಕ್ಕೆ ನಿಂತ ಚಿತ್ರ ನಿಂತಲ್ಲಿಂದಲೇ ಮುಂದುವರಿಯಬೇಕು. ಹಲವು ಎಂಬಿ ತೂಗುವ ಚಿತ್ರವನ್ನು ಕಳುಹಿಸುವ ಮುನ್ನ ಕುಗ್ಗಿಸಬೇಕು. ಎರಡು ಬಾರಿ ಒತ್ತಿದರೂ ಸರ್ವರಿನಲ್ಲಿ ಒಂದೇ ಅರ್ಜಿ ದಾಖಲಾಗಬೇಕು. ಗಡುವಿನ ದಿನ ಎಲ್ಲರೂ ಒಮ್ಮೆಲೇ ಬರುತ್ತಾರೆಂಬುದು ಯಾವ ಗುಮಾಸ್ತನಿಗೂ ಗೊತ್ತಿದ್ದ ಸಂಗತಿ; ಸರ್ವರಿನ ಸಾಮರ್ಥ್ಯವನ್ನು ಆ ದಿನಕ್ಕೆ ತಕ್ಕಂತೆ ಅಳೆಯಬೇಕು, ಸಾಧಾರಣ ದಿನಕ್ಕಲ್ಲ.

2015ರಲ್ಲಿ ಫೇಸ್‌ಬುಕ್ ತನ್ನ ಸಿಬ್ಬಂದಿಗೆ ಮಂಗಳವಾರಗಳಂದು ಒಂದು ಗಂಟೆ ಕಾಲ 2ಜಿ ವೇಗದಲ್ಲಿ ತಮ್ಮದೇ ಆ್ಯಪ್ ಬಳಸಿ ನೋಡುವ ಅವಕಾಶ ಕಲ್ಪಿಸಿತು. ಗೂಗಲ್ ಪ್ಲೇ ಕೂಡ ಒಂದು ಮಿತಿಯನ್ನು ಇಟ್ಟಿದೆ: ದಿನದ ಬಳಕೆದಾರರಲ್ಲಿ ಶೇ 1.09ಕ್ಕಿಂತ ಹೆಚ್ಚು ಮಂದಿಯ ಕೈಯಲ್ಲಿ ಬಳಕೆಯ ನಡುವೆಯೇ ಸ್ಥಗಿತಗೊಳ್ಳುವ ಆ್ಯಪನ್ನು ಹುಡುಕಾಟದಲ್ಲಿ ಹಿಂದಕ್ಕೆ ತಳ್ಳಬಹುದು. ಗ್ರಾಹಕ ಕೈತಪ್ಪಿಹೋಗುವ ಭಯ ಅವರಿಗಿದೆ. ನಮ್ಮ ರೈತನಿಗೆ ಹೋಗಲು ಬೇರೆ ಅಂಗಡಿಯಿಲ್ಲ. ಆದ್ದರಿಂದಲೇ ಆ ಭಯವನ್ನು ಕರಾರಿನಲ್ಲಿ ಬರೆಯಬೇಕಾಗಿದೆ.

ಸೇವೆಯಲ್ಲಿದ್ದಾಗ ತಂತ್ರಾಂಶದ ಕರಾರುಗಳಿಗೆ ನಾನೂ ಸಹಿ ಹಾಕಿದ್ದೇನೆ. ಎಷ್ಟು ಸೌಲಭ್ಯಗಳಿವೆ, ಯಾವ ದಿನಾಂಕಕ್ಕೆ ಸಿದ್ಧ ಎಂದು ಕೇಳಿದೆನೇ ಹೊರತು, ನೂರು ಅರ್ಜಿಗಳಲ್ಲಿ ಎಷ್ಟು ಮೊದಲ ಯತ್ನದಲ್ಲೇ ದಾಖಲಾಗುತ್ತವೆ ಎಂದು ಒಮ್ಮೆಯೂ ಕೇಳಲಿಲ್ಲ. ಪ್ರಾತ್ಯಕ್ಷಿಕೆ ನಡೆದದ್ದು ಸಭಾಂಗಣದಲ್ಲಿ, ದುಬಾರಿ ಫೋನಿನಲ್ಲಿ. ಚಪ್ಪಾಳೆಯನ್ನೂ ತಟ್ಟಿದೆವು.

ಅಂತಿಮ ಕಂತಿನ ಹಣ ಪಾವತಿಸುವ ಮುನ್ನ ಅಧಿಕಾರಿಯೂ ಗುತ್ತಿಗೆದಾರನೂ ಅಗ್ಗದ ಹಳೆಯ ಫೋನೊಂದನ್ನು ಹಿಡಿದು ಕುಂತೂರಿನಂತಹ ಊರಿನ ಬದುವಿನ ಮೇಲೆ ನಿಂತು ಅರ್ಜಿ ಸಲ್ಲಿಸಲಿ. ಅದು ತಲುಪಿದ ಮೇಲೆ ಬಿಲ್ಲಿಗೆ ಸಹಿಯಾಗಲಿ.