ನೀರಿನ ಕೊಳವೆಯೂ ನಗರದ ಹಣವೂ

ನಗರವು ತನ್ನ ಬಡಾವಣೆಗಳಿಗೆ ಮಾಡುವ ವೆಚ್ಚದಲ್ಲಿ ತಾರತಮ್ಯವಿದೆಯೇ ಎಂಬುದನ್ನು ಸಾಮಾನ್ಯವಾಗಿ ಆಯವ್ಯಯದ ಪುಟಗಳಲ್ಲಿ ಹುಡುಕುವುದುಂಟು. ಭೌತಶಾಸ್ತ್ರದ ಅಭ್ಯಾಸಿಗಳಾದ ನಾವು ಅದನ್ನು ಬೆಂಗಳೂರಿನ ನೀರಿನ ಕೊಳವೆಯೊಳಗೆ ಹುಡುಕಿ ನೋಡೋಣ.

1974ರಿಂದ ಕಾವೇರಿಯ ನೀರು ಬೆಂಗಳೂರಿಗೆ ಬರುತ್ತಿದೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೊಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಅದನ್ನು ಪಂಪುಗಳು ಏರಿಸಬೇಕು. ಸಾವಿರ ಲೀಟರ್ ನೀರಿನ ದ್ರವ್ಯರಾಶಿ 1,000 ಕಿಲೊಗ್ರಾಂ. ಅದನ್ನು 500 ಮೀಟರ್ ಎತ್ತಲು ಬೇಕಾದ ಶಕ್ತಿ 1,000 × 9.8 × 500, ಅಂದರೆ 49 ಲಕ್ಷ ಜೂಲ್. ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್. ಪಂಪಿನ ನಷ್ಟ, ಕೊಳವೆಯ ಘರ್ಷಣೆ ಇವನ್ನು ಸೇರಿಸಿದರೆ ವೆಚ್ಚವು ಎರಡು ಯೂನಿಟ್ಟಿಗೆ ಸಮೀಪಿಸುತ್ತದೆ. ಯೂನಿಟ್ಟಿಗೆ 5 ರೂಪಾಯಿಯೆಂದಿಟ್ಟುಕೊಂಡರೂ ವಿದ್ಯುತ್ತಿಗೇ ಸುಮಾರು 10 ರೂಪಾಯಿ! ಆದರೆ ಗೃಹಬಳಕೆಯ ಮೊದಲ 8,000 ಲೀಟರಿಗೆ 2014ರಿಂದ 2025ರವರೆಗೆ ಜಲಮಂಡಳಿ ಪಡೆಯುತ್ತಿದ್ದುದು ಸಾವಿರ ಲೀಟರಿಗೆ 7 ರೂಪಾಯಿ. ಉಳಿದುದು ಬೇರೆ ಬಾಬುಗಳಿಂದ ಬರಬೇಕು. ಆ ಸಹಾಯಧನ ಬಡವರಿಗೆಂದೇ ಎಣಿಸಿದ್ದರೂ, ಅದು ಕೊಳವೆಯಿದ್ದಲ್ಲಿಗೆ ಮಾತ್ರ ಹರಿಯುತ್ತದೆಯಷ್ಟೆ.

ಕೊಳವೆಯಿಲ್ಲದವರ ಗತಿಯೇನು? 2024ರ ಮಾರ್ಚಿಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರಿನ ದರವನ್ನು ಅಧಿಕಾರಿಗಳು ಗೊತ್ತುಮಾಡಿದರು: 5 ಕಿಲೊಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ. ಸಾವಿರ ಲೀಟರಿಗೆ 100 ರೂಪಾಯಿಯಾಯಿತು; ನಲ್ಲಿಯ ದರದ ಹದಿನಾಲ್ಕು ಮಡಿ. ನಗರದ ಅಂಚಿನ ಭವ್ಯ ವಸತಿ ಸಮುಚ್ಚಯಗಳೂ ಟ್ಯಾಂಕರನ್ನೇ ಕೊಂಡವು, ನಿಜ. ಆದರೆ ಅವು ವೆಚ್ಚವನ್ನು ನೂರಾರು ಮನೆಗಳಿಗೆ ಹಂಚಬಲ್ಲವು. ಹತ್ತಡಿಯ ಕೋಣೆಯಲ್ಲಿ ಸಂಸಾರ ಹೂಡಿದ ಕೂಲಿಕಾರನಿಗೆ 6,000 ಲೀಟರನ್ನು ತುಂಬಿಡಲು ಸ್ಥಳವೂ ಇಲ್ಲ.

ಒಂದೇ ಕೊಳವೆಯ ಮೇಲಿರುವ ಎರಡು ಬೀದಿಗಳಲ್ಲಿಯೂ ಭೇದವುಂಟು. ಕೊಳವೆಯ ತಲೆಯಲ್ಲಿ 20 ಮೀಟರ್ ನೀರಿನ ಒತ್ತಡವಿದೆಯೆಂದು ಭಾವಿಸಿರಿ. ಹರಿವು ಮಂದವಾಗಿದ್ದಾಗ ಘರ್ಷಣೆಯಲ್ಲಿ 5 ಮೀಟರ್ ಕಳೆದು, ಕೊನೆಯ ಮನೆಗೆ 15 ಮೀಟರ್ ಉಳಿಯುತ್ತದೆ. ಹರಿವು ಇಮ್ಮಡಿಸಿದರೆ ನಷ್ಟವು ವೇಗದ ವರ್ಗಕ್ಕೆ ಅನುಗುಣವಾಗಿ ನಾಲ್ಕು ಮಡಿಯಾಗಿ 20 ಮೀಟರನ್ನೂ ನುಂಗಿಬಿಡುತ್ತದೆ. ಕೊನೆಯ ನಲ್ಲಿಯಲ್ಲಿ ಬರುವುದು ಗಾಳಿಯ ಸದ್ದು!

ಹರಿವನ್ನು ಇಮ್ಮಡಿಸುವವರು ಯಾರು? ನೀರು ಬಿಟ್ಟ ಎರಡು ಗಂಟೆಯೊಳಗೆ ತುಂಬಿಸಿಕೊಳ್ಳಬೇಕಾದ ನೆಲದಡಿಯ ಸಂಪುಗಳು. ಸಂಪಿನ ಬಾಯಿ ನೆಲಕ್ಕಿಂತ ಕೆಳಗೆ. ಬಡವರ ಬೀದಿನಲ್ಲಿಯ ಬಾಯಿ ನೆಲದಿಂದ ಎರಡು ಮೂರು ಅಡಿ ಮೇಲೆ. ಒತ್ತಡ ಅಳಿದುಳಿದಿರುವಾಗ ಆ ಅಂತರವೇ ನಿರ್ಣಾಯಕ. ಇಲ್ಲಿ ಕಳ್ಳತನವೇನೂ ನಡೆದಿಲ್ಲ, ನೀರು ತನ್ನ ನಿಯಮವನ್ನು ಪಾಲಿಸಿದೆ. ಆದರೆ ಗಂಟೆಗಣನೆಯ ಸರಬರಾಜು ಪ್ರಕೃತಿಯ ನಿಯಮವಲ್ಲ. ಅದು ಮನುಷ್ಯರ ಏರ್ಪಾಡು. ದಿನವಿಡೀ ಒತ್ತಡವಿರುವಲ್ಲಿ ಸಂಪು ಅವಸರಪಡಬೇಕಾಗಿಲ್ಲ.

2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ, ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೆಯ ಹಂತವು 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ನಡುವೆ ಕಳೆದುದು ಹದಿನೇಳು ವರ್ಷ. ಬೀದಿಗೆ ಕೊಳವೆ ಬಂದ ಮೇಲೂ ಮನೆಗೆ ಸಂಪರ್ಕ ಪಡೆಯುವ ಶುಲ್ಕ ಮನೆಯವರದೇ.

ವಿದ್ಯಾರ್ಥಿಗಳು ಈ ಭೇದವನ್ನು ತಾವೇ ಅಳೆಯಬಹುದು. ಹತ್ತು ಲೀಟರಿನ ಬಕೆಟ್ಟು, ಒಂದು ಗಡಿಯಾರ ಸಾಕು. ನೀರು ಬಿಡುವ ದಿನ ಒಂದೇ ಹೊತ್ತಿನಲ್ಲಿ ಕೊಳವೆಯ ಮೊದಲ ಬೀದಿಯಲ್ಲೊಬ್ಬರು, ಕೊನೆಯ ಬೀದಿಯಲ್ಲೊಬ್ಬರು ನಿಂತು, ಬಕೆಟ್ಟು ತುಂಬಲು ಹಿಡಿದ ಸೆಕೆಂಡುಗಳನ್ನು ಬರೆದುಕೊಂಡು ಹೋಲಿಸಿರಿ.