ಕೆಂಪು ಸಾಲುಗಳನ್ನು ಕೆಳಗಿನಿಂದ ಓದಿ

ನಮ್ಮ ತರಗತಿಯ ಕೆಲವರಿಗೆ ಮೊದಲ ಪೀರಿಯಡ್ ಎಂದರೆ ಆತಂಕ. ಬಸ್ ನಿಲ್ದಾಣ ಮನೆಯಿಂದ ದೂರ, ಒಂದು ಬಸ್ ತಪ್ಪಿದರೆ ಆ ದಿನದ ಹಾಜರಾತಿ ಹೋದಂತೆ. ಶೇ. 75 ಹಾಜರಾತಿ ಇಲ್ಲದಿದ್ದರೆ ಏನಾಗುತ್ತದೆಂದು ನಮಗೆಲ್ಲರಿಗೂ ಗೊತ್ತು. ಹಾಗಾಗಿ ಹೊಸ ನಿಲುಗಡೆ ಕೇಳಿ ಮನವಿ ಕೊಡುವುದೆಂದು ತೀರ್ಮಾನಿಸಿದೆವು. "ಬರೀ ದೂರ ದೂರ ಎಂದು ಬರೆದರೆ ಸಾಲದು, ನಕ್ಷೆಯಲ್ಲಿ ತೋರಿಸಿ" ಎಂದರು ಕಂಪ್ಯೂಟರ್ ಸೈನ್ಸ್ ಮೇಡಂ. ಪಾಠದಲ್ಲಿ ಪೈಥಾನ್ ಕಲಿತಿದ್ದೇನಲ್ಲ ಎಂಬ ಧೈರ್ಯದಲ್ಲಿ ಆ ಕೆಲಸವನ್ನು ನಾನು ವಹಿಸಿಕೊಂಡೆ.

ಅದಕ್ಕಾಗಿ ಬಳಸಿದ್ದು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ. ಗ್ಯಾರಿ ಶರ್ಮನ್ ಎಂಬವರು 2002ರಲ್ಲಿ ಇದನ್ನು ಆರಂಭಿಸಿದರು. ಇದು ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇದರೊಳಗೇ ಪೈಥಾನ್ ಇದೆ. ನನ್ನ ಯೋಜನೆ ಸರಳವಾಗಿತ್ತು: ನಿಲ್ದಾಣಗಳ ಸುತ್ತ ಒಂದು ಕಿಲೋಮೀಟರಿನ ವೃತ್ತ ಎಳೆಯುವುದು, ಅದರ ಹೊರಗೆ ಎಷ್ಟು ವಿದ್ಯಾರ್ಥಿಗಳಿದ್ದಾರೆಂದು ಎಣಿಸುವುದು. ಯಾರ ಮನೆಯನ್ನೂ ನೇರವಾಗಿ ಗುರುತಿಸಲಿಲ್ಲ. ಒಪ್ಪಿಗೆ ಕೇಳಿ, ಮನೆ ಹತ್ತಿರದ ಜಂಕ್ಷನನ್ನು ಮಾತ್ರ ಬರೆದುಕೊಂಡೆ. ಇಪ್ಪತ್ತು ಸಾಲಿನ ಸ್ಕ್ರಿಪ್ಟ್, ಒಂದು ಸಂಜೆಯಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ನಿಮಗಾದರೂ ಬೇಗ ಮುಗಿಯಲಿ ಎಂದು.

ಬಾಯಿಬಿಟ್ಟು ಹೇಳುವ ತಪ್ಪುಗಳು

ಮೊದಲ ದಿನ ಲ್ಯಾಬಿನಲ್ಲಿ ನಾವು ದಿನವೂ ಬಳಸುವ ಪೈಥಾನ್ ಕಿಟಕಿಯಲ್ಲೇ ಸ್ಕ್ರಿಪ್ಟ್ ಓಡಿಸಿದೆ. 'ಕ್ಯೂಜಿಐಎಸ್ ಎಂಬ ಮಾಡ್ಯೂಲ್ ಇಲ್ಲ' ಎಂಬ ಅರ್ಥದ ಕೆಂಪು ಸಾಲು ಬಂತು. ತಂತ್ರಾಂಶ ಸರಿಯಾಗಿ ಇನ್‌ಸ್ಟಾಲ್ ಆಗಿಲ್ಲವೆಂದು ಅದನ್ನು ತೆಗೆದು ಮತ್ತೆ ಹಾಕಿದೆ. ಪ್ರಯೋಜನವಾಗಲಿಲ್ಲ. ವಿಷಯ ಇಷ್ಟೇ: ಒಂದೇ ಕಂಪ್ಯೂಟರಿನಲ್ಲಿ ಎರಡು ಪೈಥಾನ್ ಇರಬಹುದು. ನಕ್ಷೆಯ ಆಜ್ಞೆಗಳು ಗೊತ್ತಿರುವುದು ಕ್ಯೂಜಿಐಎಸ್ ಜೊತೆ ಬಂದ ಪೈಥಾನಿಗೆ ಮಾತ್ರ. ತಂತ್ರಾಂಶ ತೆರೆದು, ಪ್ಲಗಿನ್ಸ್ ಮೆನುವಿನಿಂದ ಪೈಥಾನ್ ಕನ್ಸೋಲ್ ತೆರೆದು ಅಲ್ಲಿ ಓಡಿಸಿದರೆ ಈ ತೊಂದರೆ ಇಲ್ಲ.

ಎರಡನೆಯದು ಫೈಲಿನ ವಿಳಾಸ. ವಿಂಡೋಸ್‌ನಲ್ಲಿ ಫೋಲ್ಡರುಗಳ ನಡುವೆ ಹಿಂದಕ್ಕೆ ಬಾಗಿದ ಗೆರೆ, ಅಂದರೆ ಬ್ಯಾಕ್‌ಸ್ಲ್ಯಾಶ್ ಇರುತ್ತದೆ. ಪೈಥಾನಿಗೆ ಆ ಗೆರೆಗೆ ಬೇರೆ ಅರ್ಥವಿದೆ. ಅದರ ಮುಂದೆ ಚಿಕ್ಕ 'ಎನ್' ಬಂದರೆ ಹೊಸ ಸಾಲು, 'ಟಿ' ಬಂದರೆ ಟ್ಯಾಬ್. 'ಯೂಸರ್ಸ್' ಫೋಲ್ಡರಿನ ದೊಡ್ಡ 'ಯು' ಬಂದರಂತೂ ಅದನ್ನು ಯೂನಿಕೋಡ್ ಅಕ್ಷರದ ಸಂಕೇತವೆಂದು ತಿಳಿದು ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಗೆರೆಯನ್ನು ಮುಂದಕ್ಕೆ ಬಾಗಿಸಿ ಬರೆಯಿರಿ, ಇಲ್ಲವೇ ಉದ್ಧರಣ ಚಿಹ್ನೆಯ ಮೊದಲು 'ಆರ್' ಅಕ್ಷರ ಹಾಕಿ.

ಮೂರನೆಯದು 'ನನ್‌ಟೈಪ್' ಎಂಬ ಪದವಿರುವ ಎರರ್. ಸ್ಕ್ರಿಪ್ಟ್ 'ಈಗ ಆಯ್ಕೆಯಾಗಿರುವ ಲೇಯರ್ ಕೊಡು' ಎಂದು ಕೇಳುತ್ತಿತ್ತು, ನಾನು ಎಡಗಡೆಯ ಪಟ್ಟಿಯಲ್ಲಿ ಯಾವ ಲೇಯರನ್ನೂ ಕ್ಲಿಕ್ ಮಾಡಿರಲಿಲ್ಲ. ಏನೂ ಇಲ್ಲದ ಕೈಯಿಂದ ಏನು ಕೊಡಲು ಸಾಧ್ಯ?

ಇಂಥ ಕಡೆಯೆಲ್ಲ ಉದ್ದನೆಯ ಕೆಂಪು ಪಟ್ಟಿ ಬರುತ್ತದೆ. ನಾನು ಮೇಲಿನಿಂದ ಓದಿ ಗಾಬರಿಯಾಗುತ್ತಿದ್ದೆ. ಕೆಳಗಿನಿಂದ ಓದಲು ಮೇಡಂ ಹೇಳಿಕೊಟ್ಟರು. ಕೊನೆಯ ಸಾಲಿನಲ್ಲಿ ಏನು ತಪ್ಪಾಗಿದೆ ಎಂದಿರುತ್ತದೆ, ಅದರ ಮೇಲೆ ಎಷ್ಟನೇ ಸಾಲಿನಲ್ಲಿ ಎಂದಿರುತ್ತದೆ. ಅಷ್ಟು ಸಾಕು.

ಸುಮ್ಮನಿರುವ ತಪ್ಪುಗಳು

ಕೆಂಪು ಸಾಲುಗಳು ನಿಂತ ಮೇಲೆ ಗೆದ್ದೆ ಅಂದುಕೊಂಡೆ. ನಿಜವಾದ ಕಷ್ಟ ಆಮೇಲೆ ಶುರುವಾಯಿತು.

ನಿಲ್ದಾಣಗಳ ಲೇಯರ್ ಸೇರಿಸಿದರೆ ಏನೂ ಕಾಣಲಿಲ್ಲ, ಎರರೂ ಇಲ್ಲ. ಫೈಲ್ ಸಿಗದಿದ್ದರೂ ಕ್ಯೂಜಿಐಎಸ್ ಸ್ಕ್ರಿಪ್ಟನ್ನು ನಿಲ್ಲಿಸುವುದಿಲ್ಲ, ಖಾಲಿ ಲೇಯರೊಂದನ್ನು ಕೈಗಿಟ್ಟು ಸುಮ್ಮನಾಗುತ್ತದೆ. 'ಇಸ್‌ವ್ಯಾಲಿಡ್' ಎಂದು ನಾವೇ ಕೇಳಬೇಕು. ಕೇಳಿದೆ, 'ಫಾಲ್ಸ್' ಎಂದಿತು. ನೋಟ್‌ಪ್ಯಾಡ್ ನನ್ನ ಸಿಎಸ್‌ವಿ ಫೈಲಿನ ಹೆಸರಿನ ಬಾಲಕ್ಕೆ 'ಡಾಟ್ ಟಿಎಕ್ಸ್‌ಟಿ' ಎಂದು ಇನ್ನೊಂದು ಬಾಲ ಸೇರಿಸಿತ್ತು. ವಿಂಡೋಸ್ ಅದನ್ನು ಮರೆಮಾಡಿ ತೋರಿಸುತ್ತಿತ್ತು.

ಅದನ್ನು ಸರಿಪಡಿಸಿದರೆ ನಮ್ಮ ಕರಾವಳಿಯ ನಿಲ್ದಾಣಗಳೆಲ್ಲ ನಾರ್ವೆಯ ಉತ್ತರಕ್ಕೆ, ಹಿಮದ ಸಮುದ್ರದಲ್ಲಿ ತೇಲುತ್ತಿದ್ದವು! ನಾವು ಇರುವುದು ಸುಮಾರು 12.9 ಡಿಗ್ರಿ ಅಕ್ಷಾಂಶ, 74.8 ಡಿಗ್ರಿ ರೇಖಾಂಶದಲ್ಲಿ. ಮಾತನಾಡುವಾಗ ಅಕ್ಷಾಂಶವನ್ನು ಮೊದಲು ಹೇಳುತ್ತೇವೆ. ಆದರೆ ಬಿಂದು ಗುರುತಿಸುವ ಆಜ್ಞೆಗೆ ಮೊದಲು ಎಕ್ಸ್, ಆಮೇಲೆ ವೈ ಬೇಕು. ಎಕ್ಸ್ ಎಂದರೆ ರೇಖಾಂಶ. ನಾನು ಅದಲುಬದಲು ಕೊಟ್ಟಿದ್ದೆ. ಗಣಿತದ ಗ್ರಾಫ್ ನೆನಪಿಟ್ಟುಕೊಂಡರೆ ಇದು ತಪ್ಪುವುದಿಲ್ಲ.

ಮುಂದಿನದು ವೃತ್ತ. ಒಂದು ಕಿಲೋಮೀಟರಿಗೆ 1000 ಎಂದು ಕೊಟ್ಟೆ. ಸ್ಕ್ರಿಪ್ಟ್ ಸಲೀಸಾಗಿ ಓಡಿ ಉತ್ತರ ಕೊಟ್ಟಿತು: ಹೊರಗಿರುವ ವಿದ್ಯಾರ್ಥಿಗಳು 0. ಯಾರಿಗೂ ತೊಂದರೆಯೇ ಇಲ್ಲವಂತೆ! ನಕ್ಷೆ ನೋಡಿದರೆ ವೃತ್ತ ಇಡೀ ಜಗತ್ತನ್ನೇ ನುಂಗಿತ್ತು. ನನ್ನ ಲೇಯರ್ ಇದ್ದದ್ದು ಇಪಿಎಸ್‌ಜಿ 4326 ಎಂಬ ಪದ್ಧತಿಯಲ್ಲಿ, ಅದರ ಅಳತೆ ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ಸುಮಾರು 111 ಕಿಲೋಮೀಟರ್. ಭೂಮಿಯ ಸುತ್ತು ಪೂರ್ತಿ 360 ಡಿಗ್ರಿ ಇರುವಾಗ ನಾನು 1000 ಡಿಗ್ರಿ ಕೇಳಿದ್ದೆ.

ಮೀಟರಿನಲ್ಲಿ ಅಳೆಯಬೇಕಾದರೆ ಯುಟಿಎಂ ಪದ್ಧತಿ ಬೇಕು. ಅದು ಭೂಮಿಯನ್ನು 6 ಡಿಗ್ರಿಯ 60 ವಲಯಗಳಾಗಿ ಹಂಚುತ್ತದೆ. 72ರಿಂದ 78 ಡಿಗ್ರಿವರೆಗಿನ 43ನೇ ವಲಯದಲ್ಲಿ ಕರ್ನಾಟಕದ ಬಹುಭಾಗ ಬರುತ್ತದೆ, ಅದರ ಸಂಖ್ಯೆ ಇಪಿಎಸ್‌ಜಿ 32643. ಕೋಲಾರ ಪಟ್ಟಣ 78 ಡಿಗ್ರಿ ದಾಟಿರುವುದರಿಂದ ಅದು 44ನೇ ವಲಯಕ್ಕೆ ಸೇರುತ್ತದೆ. ಇಲ್ಲೂ ನಾನೊಂದು ತಪ್ಪು ಮಾಡಿದೆ, ಲೇಯರಿನ ಪದ್ಧತಿಯ ಹೆಸರನ್ನು ಮಾತ್ರ ಬದಲಿಸಿದೆ. ಆಗ 74.8 ಡಿಗ್ರಿ ಎಂಬುದು 74.8 ಮೀಟರ್ ಆಗಿ, ನಿಲ್ದಾಣಗಳೆಲ್ಲ ಮಾಲ್ಡೀವ್ಸ್‌ನ ಪಶ್ಚಿಮದ ಸಮುದ್ರದಲ್ಲಿ ಒಂದರ ಮೇಲೊಂದು ಬಿದ್ದವು. ಚೀಟಿ ಬದಲಿಸಿದರೆ ಡಬ್ಬಿಯೊಳಗಿನ ಸಕ್ಕರೆ ಉಪ್ಪಾಗುವುದಿಲ್ಲ. 'ರೀಪ್ರಾಜೆಕ್ಟ್ ಲೇಯರ್' ಎಂಬ ಉಪಕರಣ ಸಂಖ್ಯೆಗಳನ್ನೇ ಹೊಸದಾಗಿ ಲೆಕ್ಕ ಹಾಕಿಕೊಡುತ್ತದೆ. ಬಳಸಬೇಕಾದದ್ದು ಅದನ್ನು.

ಕಂಪ್ಯೂಟರಿಗೆ ಕಾಣದ ತಪ್ಪು

ಕೊನೆಗೂ ವೃತ್ತಗಳು ಸರಿಯಾದ ಜಾಗದಲ್ಲಿ, ಸರಿಯಾದ ಅಳತೆಯಲ್ಲಿ ಬಂದವು. ಖುಷಿಯಿಂದ ತರಗತಿಯಲ್ಲಿ ತೋರಿಸಿದೆ. ಹಿಂದಿನ ಬೆಂಚಿನ ಗೆಳತಿ ತನ್ನ ಚುಕ್ಕೆಯನ್ನು ಹುಡುಕಿ ನೋಡಿದಳು. ಅದು ವೃತ್ತದ ಒಳಗಿತ್ತು. "ನಿನ್ನ ನಕ್ಷೆಯ ಪ್ರಕಾರ ನಾನು ದಿನಾ ಹೊಳೆ ಈಜಿಕೊಂಡು ಬರಬೇಕಾ ಮಾರಾಯ್ತಿ?" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅವಳ ಮನೆ ಹೊಳೆಯ ಆಚೆ ದಡದಲ್ಲಿದೆ. ನಿಲ್ದಾಣ ಈಚೆ ದಡದಲ್ಲಿ, ಕಣ್ಣಿಗೆ ಕಾಣುವಷ್ಟು ಹತ್ತಿರ. ಆದರೆ ಸೇತುವೆ ಸುತ್ತಿಯೇ ಬರಬೇಕು. ವೃತ್ತಕ್ಕೆ ಹೊಳೆಯೂ ಗೊತ್ತಿಲ್ಲ, ಸೇತುವೆಯೂ ಗೊತ್ತಿಲ್ಲ. ಸ್ಕ್ರಿಪ್ಟಿನಲ್ಲಿ ಒಂದೂ ತಪ್ಪಿರಲಿಲ್ಲ, ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಯಾರಿಗಾಗಿ ಈ ಮನವಿ ಬರೆಯುತ್ತಿದ್ದೆವೋ ಅವಳನ್ನೇ ನನ್ನ ಲೆಕ್ಕ 'ತೊಂದರೆ ಇಲ್ಲದವರ' ಪಟ್ಟಿಗೆ ಸೇರಿಸಿತ್ತು. ಆಚೆ ದಡದವರ ದಾರಿಯನ್ನು ರಸ್ತೆಯ ಗೆರೆ ಹಿಡಿದು ಒಂದೊಂದಾಗಿ ಅಳೆದು ಪಟ್ಟಿ ತಿದ್ದಿದೆ. ಆಮೇಲೆ ನಕ್ಷೆಯನ್ನು ಮನವಿಗೆ ಲಗತ್ತಿಸಿ ಕೊಟ್ಟೆವು. ಉತ್ತರ ಇನ್ನೂ ಬಂದಿಲ್ಲ, ಕಾಯುತ್ತಿದ್ದೇವೆ.

ನೀವೂ ಇಂಥ ಕೆಲಸಕ್ಕೆ ಕೈಹಾಕುವುದಾದರೆ ನಾಲ್ಕು ಮಾತು ನೆನಪಿಡಿ. ಎರರನ್ನು ಕೆಳಗಿನಿಂದ ಓದಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ ನೋಡಿ. ಪ್ರತಿ ಹಂತದಲ್ಲೂ ನಕ್ಷೆಯನ್ನು ಕಣ್ಣಾರೆ ನೋಡಿ, ನಿಮಗೆ ಗೊತ್ತಿರುವ ಒಂದು ದೂರದ ಜೊತೆ ಹೋಲಿಸಿ. ಕೊನೆಯದಾಗಿ, ನಕ್ಷೆಯಲ್ಲಿ ಚುಕ್ಕೆಯಾಗಿರುವವರಿಗೆ ಒಮ್ಮೆ ಅದನ್ನು ತೋರಿಸಿ. ನಮ್ಮ ಸ್ಕ್ರಿಪ್ಟಿನ ಕೊನೆಯ ತಪ್ಪನ್ನು ಹಿಡಿದವಳು ಪೈಥಾನ್ ಕಲಿಯದ ಒಬ್ಬ ಗೆಳತಿ.